ಉತ್ಸವಮೂರ್ತಿಗಳು ಮತ್ತು ಫ್ರಾಂಕಿ ಲೈಮನ್

ಅಮೆರಿಕದ ರಾಕ್ ಅಂಡ್ ರೋಲ್ ಸಂಗೀತದ ಮೊದಲ ದಿನಗಳ ಬಗ್ಗೆ ಬರೆಯುವವರೆಲ್ಲ ಎಲ್ವಿಸ್ ಪ್ರೀಸ್ಲಿಗೆ ಕೈಮುಗಿದು ಶುರು ಮಾಡುತ್ತಾರೆ. ನಾವು ಹದಿಮೂರು ವರ್ಷದ ಒಬ್ಬ ಕಪ್ಪು ಹುಡುಗನಿಂದ ಶುರು ಮಾಡುತ್ತೇವೆ. ಹೆಸರು ಫ್ರಾಂಕಿ ಲೈಮನ್, ನ್ಯೂಯಾರ್ಕಿನ ಹಾರ್ಲೆಮ್ ಕಡೆಯವನು. 1956ರ ಜನವರಿಯಲ್ಲಿ 'ಜೀ' ಎಂಬ ಸಣ್ಣ ಕಂಪನಿ ಅವನ ತಂಡದ ಒಂದು ತಟ್ಟೆ ಹೊರತಂದಿತು. 'ವೈ ಡು ಫೂಲ್ಸ್ ಫಾಲ್ ಇನ್ ಲವ್' ಅಂತ ಹಾಡಿನ ಹೆಸರು. ದಡ್ಡರು ಯಾಕೆ ಪ್ರೀತಿಗೆ ಬೀಳ್ತಾರೆ ಎಂಬ ಕೇಳ್ವಿ. ಎರಡೂವರೆ ನಿಮಿಷವೂ ಇಲ್ಲದ ಹಾಡು. ಕಪ್ಪು ಜನರಿಗೆಂದೇ ಬೇರೆ ಇಟ್ಟಿದ್ದ ಪಟ್ಟಿಯಲ್ಲಿ ಅದು ಒಂದನೆಯದಾಯಿತು, ಬಿಳಿಯರು ಕೊಳ್ಳುವ ಪಾಪ್ ಪಟ್ಟಿಯಲ್ಲಿ ಆರನೆಯದಾಯಿತು, ಕಡಲು ದಾಟಿ ಇಂಗ್ಲೆಂಡಿನಲ್ಲಿ ಮತ್ತೆ ಒಂದನೆಯದಾಯಿತು. ಹನ್ನೆರಡು ವರ್ಷ ಕಳೆದು, 1968ರ ಫೆಬ್ರವರಿ 27ರಂದು, ಅದೇ ಹುಡುಗ ಅಜ್ಜಿಯ ಮನೆಯ ಬಚ್ಚಲಿನಲ್ಲಿ ಹೆರಾಯಿನ್ ಚುಚ್ಚಿಕೊಂಡು ಹೆಣವಾಗಿ ಬಿದ್ದಿದ್ದ. ವಯಸ್ಸು ಇಪ್ಪತ್ತೈದು.

ಪಟ್ಟಿಗಳನ್ನು ಯಾಕೆ ಬೇರೆ ಇಟ್ಟಿದ್ದರು ಅಂತ ಯಾರಾದರೂ ಕೇಳಬಹುದು. 'ಬಿಲ್‌ಬೋರ್ಡ್' ಪತ್ರಿಕೆ 1949ರವರೆಗೂ ಅದನ್ನು 'ರೇಸ್ ರೆಕಾರ್ಡ್ಸ್' ಎಂದೇ ಕರೆಯುತ್ತಿತ್ತು, ಅಂದರೆ ಜನಾಂಗದ ತಟ್ಟೆಗಳು. ಆಮೇಲೆ ಹೆಸರು ಬದಲಾಗಿ 'ರಿದಮ್ ಅಂಡ್ ಬ್ಲೂಸ್' ಆಯಿತು. ಕೇರಿಗೆ ಹೊಸ ಬೋರ್ಡು ಬಂತು. ಕೇರಿ ಅಲ್ಲೇ ಉಳಿಯಿತು.

ಫ್ರಾಂಕಿಯ ಬಗ್ಗೆ ಪುಸ್ತಕಗಳಲ್ಲಿ ಎರಡು ಮಾತು ಇರುತ್ತದೆ. ಅಪೂರ್ವ ಪ್ರತಿಭೆ, ಮಾದಕ ವಸ್ತುವಿಗೆ ಬಲಿ. ಅಷ್ಟಕ್ಕೆ ಮುಗಿಯಿತು. ನಮ್ಮ ತಕರಾರು ಇರೋದು ಇಲ್ಲೇ. ಹರೆಯದವರು ಹುಚ್ಚೆದ್ದು ಮೆಚ್ಚುವ ಇಂಥ ಹಾಡುಗಾರರನ್ನು ಅಲ್ಲಿ 'ಟೀನ್ ಐಡಲ್' ಅನ್ನುತ್ತಾರೆ. ಐಡಲ್ ಅಂದರೆ ವಿಗ್ರಹ. ವಿಗ್ರಹ ಅಂದ ಮೇಲೆ ಅದನ್ನು ಕೆತ್ತುವವರು ಯಾರು, ಹೊರುವವರು ಯಾರು, ಹುಂಡಿಯ ಬೀಗ ಯಾರ ಸೊಂಟದಲ್ಲಿದೆ, ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡುತ್ತಾರೆ ಯಾರನ್ನು ಬಿಡೋದಿಲ್ಲ, ಇದೆಲ್ಲ ಕೇಳಲೇಬೇಕಾಗುತ್ತದೆ. ಈ ಪತ್ರಿಕೆ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಹಾಡನ್ನು ಕೇಳೋಣ. ಈಗ ಫೋನಿನ ಮೇಲೆ ಬೆರಳಾಡಿಸಿದರೆ ಸಾಕು, ಸಿಗುತ್ತದೆ. ಶುರುವಿನಲ್ಲಿ ಶೆರ್ಮನ್ ಗಾರ್ನ್ಸ್ ಎಂಬ ಹುಡುಗನ ತಳದ ದನಿ ಒಂಟಿಯಾಗಿ ಬರುತ್ತದೆ. ಪದವಿಲ್ಲ, ಅರ್ಥವಿಲ್ಲ. ಬಾಯಲ್ಲೇ ದಪ್ಪ ತಂತಿ ಮೀಟಿದ ಹಾಗೆ. ಅದರ ಮೇಲೆ ಫ್ರಾಂಕಿಯ ದನಿ ಹಾರಿ ಕೂರುತ್ತದೆ. ಇನ್ನೂ ಒಡೆಯದ ದನಿ, ಆದರೆ ಮಗುವಿನ ಮುದ್ದು ಅದರಲ್ಲಿಲ್ಲ. ಏರಿನಲ್ಲಿ ಎಳೆದಾಗ ಅದು ಕಿರುಚುವುದಿಲ್ಲ, ಬಿರಿಯುತ್ತದೆ. ಪ್ರೀತಿಯ ಬಗ್ಗೆ ಅವನು ಕೇಳುವ ಪ್ರಶ್ನೆಯಲ್ಲಿ ತಮಾಷೆ ಇದೆ, ಎಲ್ಲ ನೋಡಿಬಿಟ್ಟವನ ಸುಸ್ತೂ ಇದೆ. ನಡುವೆ ಜಿಮ್ಮಿ ರೈಟ್ ಎಂಬಾತನ ಸ್ಯಾಕ್ಸೋಫೋನು ಒರಟಾಗಿ ನುಗ್ಗಿ ಹೋಗುತ್ತದೆ. ಅದು ಮುಗಿಯುತ್ತಲೇ ಹುಡುಗ ಮತ್ತೆ ಬರುತ್ತಾನೆ, ಉಸಿರು ತೆಗೆದುಕೊಂಡದ್ದೇ ಗೊತ್ತಾಗುವುದಿಲ್ಲ. ಪ್ರೀತಿ ಹಾಡು ಅಂತ ತಳ್ಳಿಹಾಕುವವರು ನಮ್ಮಲ್ಲೂ ಇದ್ದಾರೆ. ಹೋರಾಟದ ಹಾಡಿಗೆ ಮಾತ್ರ ಕಿವಿಕೊಡುತ್ತೇವೆ ಎನ್ನುವ ಗೆಳೆಯರು ಇದನ್ನು ಒಮ್ಮೆ ಕೇಳಲಿ.

ಈ ಬಗೆಯ ಹಾಡಿಗೆ 'ಡೂ-ವಾಪ್' ಅಂತ ಹೆಸರು ಬಂದದ್ದು ಆಮೇಲೆ. ಆಗ ಅದು ಬೀದಿ ಮೂಲೆಯ ಹಾಡು. ನಾಲ್ಕೈದು ಹುಡುಗರು ಬಹುಮಹಡಿ ಕಟ್ಟಡಗಳ ಮೆಟ್ಟಿಲ ಕೆಳಗೆ, ಶಾಲೆಯ ಹಜಾರದಲ್ಲಿ, ಎಲ್ಲಿ ಗೋಡೆ ದನಿಯನ್ನು ಹಿಂದಕ್ಕೆ ಕೊಡುತ್ತದೋ ಅಲ್ಲಿ ನಿಂತು ಹಾಡುತ್ತಿದ್ದರು. ವಾದ್ಯ ಕೊಳ್ಳಲು ಕಾಸಿಲ್ಲ. ಹಾಗಾಗಿ ಒಬ್ಬನ ಬಾಯಿ ತಂಬೂರಿ, ಇನ್ನೊಬ್ಬನ ಬಾಯಿ ತಮಟೆ. ಅರ್ಥವಿಲ್ಲದ ಶಬ್ದಗಳು ಅಂತ ಆಗಿನ ದೊಡ್ಡ ಪತ್ರಿಕೆಗಳವರು ಮೂಗು ಮುರಿದರು. ನಮ್ಮ ಪದ ಹಾಡೋ ಹೆಂಗಸರ 'ತಂದನಾನ'ಕ್ಕೆ, ಕೋಲಾಟದವರ 'ಕೋಲೆ ಕೋಲೆ'ಗೆ ನಿಘಂಟಿನಲ್ಲಿ ಅರ್ಥ ಹುಡುಕಲು ಹೋದವರುಂಟೆ? ಹೋದವರಿದ್ದರೂ ಇರಬಹುದು, ವಿಶ್ವವಿದ್ಯಾಲಯಗಳಲ್ಲಿ ಏನು ಬೇಕಾದರೂ ನಡೆಯುತ್ತದೆ.

ತಂಡದಲ್ಲಿ ಐದು ಜನ. ಫ್ರಾಂಕಿ, ಶೆರ್ಮನ್ ಗಾರ್ನ್ಸ್, ಜಿಮ್ಮಿ ಮರ್ಚೆಂಟ್ ಕಪ್ಪು ಹುಡುಗರು. ಹರ್ಮನ್ ಸಾಂಟಿಯಾಗೊ, ಜೋ ನೆಗ್ರೋನಿ ಪೋರ್ಟೊರಿಕೊ ಮೂಲದವರು. ಹಾಡು ಮೂಡಿದ್ದು ನೆರೆಯವನೊಬ್ಬ ಕೊಟ್ಟ ಪ್ರೇಮಪತ್ರಗಳ ಕಟ್ಟಿನಿಂದ ಎಂದು ತಂಡದವರು ಹೇಳುತ್ತಿದ್ದರು. ಮುಂದೆ ನಿಂತು ಹಾಡಬೇಕಾಗಿದ್ದವನು ಸಾಂಟಿಯಾಗೊ. ಜಾರ್ಜ್ ಗೋಲ್ಡ್ನರ್ ಎಂಬ ಕಂಪನಿ ಮಾಲೀಕನ ಎದುರು ಹಾಡಿ ತೋರಿಸುವಾಗ ಕಿರಿಯ ಫ್ರಾಂಕಿಯ ದನಿ ಮುಂದೆ ಬಂತು. ಈ ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮತ್ತೆ ಬೇಕಾಗುತ್ತವೆ.

ಈ ಹಾಡು ಬಂದ ಕಾಲ ಎಂಥದು? ಅದಕ್ಕೂ ಐದು ತಿಂಗಳ ಹಿಂದೆ, 1955ರ ಆಗಸ್ಟ್ 28ರಂದು, ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕರ ಹುಡುಗನನ್ನು ಬಿಳಿಯರು ಮನೆಯಿಂದ ಎತ್ತಿಕೊಂಡು ಹೋಗಿ ಕೊಂದು ನದಿಗೆ ಎಸೆದಿದ್ದರು. ಅಂಗಡಿಯಲ್ಲಿದ್ದ ಬಿಳಿ ಹೆಂಗಸಿಗೆ ಸಿಳ್ಳೆ ಹಾಕಿದ ಎಂಬುದು ಆರೋಪ. ಬರೀ ಬಿಳಿಯರೇ ಕೂತಿದ್ದ ಜ್ಯೂರಿ ಸೆಪ್ಟೆಂಬರಿನಲ್ಲಿ ಕೊಂದವರನ್ನು ಬಿಡುಗಡೆ ಮಾಡಿತು. ಅದೇ ದೇಶದಲ್ಲಿ, ಅದೇ ಚಳಿಗಾಲದಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನ ಕಪ್ಪು ಹುಡುಗ ಪ್ರೀತಿಯ ಹಾಡು ಹಾಡಿದ, ಬಿಳಿ ಹುಡುಗಿಯರು ಅದನ್ನು ಕೊಂಡು ಮನೆಗೆ ಒಯ್ದರು. ಅವನ ದನಿ ಎಷ್ಟು ಅಪಾಯದ ಜಾಗದಲ್ಲಿ ನಿಂತಿತ್ತು ಅನ್ನುವುದು ಇದರಿಂದ ತಿಳಿಯುತ್ತದೆ.

ಕಂಪನಿಯವರಿಗೆ ಅದು ಚೆನ್ನಾಗಿಯೇ ತಿಳಿದಿತ್ತು. ಹುಡುಗರಿಗೆ ಎದೆಯ ಮೇಲೆ 'ಟಿ' ಅಕ್ಷರವಿದ್ದ ಬಿಳಿ ಸ್ವೆಟರು ತೊಡಿಸಿದರು, ಕಾಲೇಜಿನ ಒಳ್ಳೆಯ ಹುಡುಗರ ಹಾಗೆ. 1956ರಲ್ಲೇ ಬಂದ 'ರಾಕ್, ರಾಕ್, ರಾಕ್!' ಎಂಬ ಸಿನಿಮಾದಲ್ಲಿ ಫ್ರಾಂಕಿ ಒಂದು ಹಾಡು ಹಾಡುತ್ತಾನೆ. ತಾನು ಪುಂಡ ಹುಡುಗನಲ್ಲ ಎಂಬುದೇ ಅದರ ತಲೆಬರಹ. ಬಾಲಾಪರಾಧ ಹೆಚ್ಚಿತು, ಹುಡುಗರು ಕೆಟ್ಟರು ಅಂತ ಆ ದೇಶದ ಸೆನೆಟ್ಟು ಸಮಿತಿ ಹಾಕಿ ವಿಚಾರಣೆ ನಡೆಸುತ್ತಿದ್ದ ಕಾಲ ಅದು. ಆದರೆ ನೋಡಿ, ಬಿಳಿ ಹುಡುಗರು ಪರದೆಯ ಮೇಲೆ ಪುಂಡರಾಗಿ ನಿಂತು ಹೆಸರು ಮಾಡುತ್ತಿದ್ದರು. ಜೇಮ್ಸ್ ಡೀನ್ ಎಂಬ ನಟ 1955ರಲ್ಲಿ ಕಾರಣವಿಲ್ಲದ ಬಂಡಾಯಗಾರನ ಪಾತ್ರದಲ್ಲಿ ಅಮರನಾದ. ಕಾರಣ ಇದ್ದ ಹುಡುಗ ಮಾತ್ರ ಕೈಕಟ್ಟಿ ನಿಂತು, ನಾನು ಒಳ್ಳೆಯವನು ಸ್ವಾಮಿ, ಅಂತ ಹಾಡಬೇಕಾಯಿತು. ಆ ದೃಶ್ಯ ನೋಡಿದಾಗ ನಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಖದ ತುಂಬ ನಗು, ಕಾಲಲ್ಲಿ ಮಿಂಚಿನ ಹೆಜ್ಜೆ. ಯಾವ ತಪ್ಪೂ ಮಾಡದವನು ಮೊದಲೇ ಜಾಮೀನು ಅರ್ಜಿ ಹಾಕಿಕೊಂಡ ಹಾಗಿದೆ ಆ ಹಾಡು. ರಾಗ ಮಾತ್ರ ಬಹಳ ಚೆನ್ನಾಗಿದೆ, ಅದೇ ಇನ್ನೂ ಹಿಂಸೆ.

ಇನ್ನು ಮಡಿಯ ವಿಚಾರ. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿ ತಟ್ಟೆ ಮಾಡುವುದಕ್ಕೆ ಅಲ್ಲಿ 'ಕವರ್' ಅನ್ನುತ್ತಾರೆ. ಐವತ್ತರ ದಶಕದಲ್ಲಿ ಇದೊಂದು ದಂಧೆ. ಕಪ್ಪು ಹಾಡುಗಾರನ ತಟ್ಟೆ ಮಾರಾಟವಾಗುತ್ತಿದೆ ಎಂದು ಮೂಗಿಗೆ ಬಡಿದರೆ ಸಾಕು, ವಾರಗಳೊಳಗೆ ಬಿಳಿಯನೊಬ್ಬ ಅದನ್ನು ತೊಳೆದು ಒಗೆದು ಇಸ್ತ್ರಿ ಮಾಡಿ ಹಾಡಿಬಿಡುತ್ತಿದ್ದ. ಫ್ರಾಂಕಿಯ ಹಾಡನ್ನೂ ಗೇಲ್ ಸ್ಟಾರ್ಮ್ ಎಂಬ ನಟಿ, 'ಡೈಮಂಡ್ಸ್' ಎಂಬ ಬಿಳಿ ಹುಡುಗರ ತಂಡ ಹಾಡಿದರು. ಅವನದೇ ಮೇಲಾಯಿತು, ಅದು ಬೇರೆ ಮಾತು. ಈ ಮಡಿಯ ದೊಡ್ಡ ಶಾಸ್ತ್ರಿ ಪ್ಯಾಟ್ ಬೂನ್. ಬಿಳಿ ಚರ್ಮದ ಬಿಳಿ ಬೂಟು ಅವನ ಗುರುತು. ನ್ಯೂ ಓರ್ಲಿಯನ್ಸಿನ ಫ್ಯಾಟ್ಸ್ ಡಾಮಿನೊ 1955ರಲ್ಲಿ 'ಏಂಟ್ ದಟ್ ಎ ಶೇಮ್' ಹಾಡಿದ. ಕಪ್ಪು ಪಟ್ಟಿಯಲ್ಲಿ ಒಂದನೆಯದು, ಪಾಪ್ ಪಟ್ಟಿಯಲ್ಲಿ ಹತ್ತನೆಯದು. ಬೂನ್ ಹಾಡಿದ್ದು ಪಾಪ್ ಪಟ್ಟಿಯಲ್ಲಿ ಒಂದನೆಯದು. ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಬೂನ್‌ಗೆ ಹಾಡಿನ ಮೊದಲ ಪದವೇ ಗಂಟಲಲ್ಲಿ ಸಿಕ್ಕಿಕೊಂಡಿತಂತೆ. 'ಏಂಟ್' ಅನ್ನೋದು ವ್ಯಾಕರಣ ತಪ್ಪು, 'ಈಸಂಟ್' ಎಂದು ತಿದ್ದೋಣ ಅಂದನಂತೆ. ಇದನ್ನು ಅವನೇ ನಗುತ್ತಾ ಹೇಳಿಕೊಂಡಿದ್ದಾನೆ.

ನಮಗೆ ನಗು ಬರಲಿಲ್ಲ. ಅಪ್ಪ ಅವ್ವ ಆಡೋ ಮಾತನ್ನ ಕಾಲೇಜಿನ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಂಗೆ ಬಿಟ್ಟು ಒಳಗೆ ಹೋದವರು ನಾವು. 'ಏಂಟ್' ಅನ್ನುವ ಪದದಲ್ಲಿ ಡಾಮಿನೊ ಹುಟ್ಟಿದ ಓಣಿ ಇದೆ, ಅವನ ಎಡಗೈ ಪಿಯಾನೋ ಮೇಲೆ ಉರುಳುವ ಲಯ ಇದೆ. ಅದನ್ನು ತಿದ್ದಿದರೆ ಉಳಿಯುವುದು ಪರೀಕ್ಷೆಯ ಉತ್ತರಪತ್ರಿಕೆ ಅಷ್ಟೆ. ಪುಣ್ಯಕ್ಕೆ ತಿದ್ದುವುದಕ್ಕೆ ಬಿಡಲಿಲ್ಲ. ಆದರೂ ಬೂನ್ ತಟ್ಟೆ ಕೇಳಿದರೆ ಆ ತಿದ್ದುಪಡಿ ದನಿಯಲ್ಲೇ ಕೇಳಿಸುತ್ತದೆ. ಪ್ರತಿ ಪದವೂ ಕಾಲಿಗೆ ಕೆಸರು ತಾಗದ ಹಾಗೆ ಪಂಚೆ ಎತ್ತಿ ಹಿಡಿದುಕೊಂಡು ನಡೆಯುತ್ತದೆ.

ಲಿಟಲ್ ರಿಚರ್ಡ್ ಇದಕ್ಕೆ ಮಾಡಿದ ಉಪಾಯವನ್ನು ಹೇಳದೆ ಹೋಗಲಾಗದು. ಜಾರ್ಜಿಯಾದ ಮೇಕನ್ ಊರಿನ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆಯುತ್ತಿದ್ದವನು 1955ರ ಸೆಪ್ಟೆಂಬರಿನಲ್ಲಿ 'ಟೂಟಿ ಫ್ರೂಟಿ' ಹಾಡಿದ. ಅದು ಪಾಪ್ ಪಟ್ಟಿಯಲ್ಲಿ ಏರುತ್ತಿದ್ದ ಹಾಗೇ ಬೂನ್ ಅದನ್ನೂ ಹಾಡಿ ರಿಚರ್ಡನಿಗಿಂತ ಮೇಲೆ ಹೋದ. ಮುಂದಿನ ಹಾಡು 'ಲಾಂಗ್ ಟಾಲ್ ಸ್ಯಾಲಿ'. ಬೂನ್ ಬಾಯಿ ಆ ಓಟಕ್ಕೆ ಹೊರಳಬಾರದು ಅಂತಲೇ ಅದನ್ನು ಅಷ್ಟು ವೇಗವಾಗಿ ಹಾಡಿದೆವು ಎಂದು ರಿಚರ್ಡ್ ಹೇಳುತ್ತಿದ್ದ. ಬೂನ್ ಅದನ್ನೂ ಬಿಡಲಿಲ್ಲ. ಆದರೆ ಈ ಸಲ ರಿಚರ್ಡ್ ಮೇಲೆ, ಬೂನ್ ಕೆಳಗೆ. ವೇಗವನ್ನೇ ಬೇಲಿ ಮಾಡಿಕೊಂಡ ಕವಿ ಎಂದು ನಾವು ಅವನನ್ನು ಕರೆಯುತ್ತೇವೆ. ಬಿಳಿ ಹುಡುಗರ ಮನೆಯಲ್ಲಿ ಬೂನ್ ತಟ್ಟೆ ಮೇಜಿನ ಮೇಲೆ ಇರುತ್ತಿತ್ತು, ತನ್ನದು ಒಳಗೆ ಬಚ್ಚಿಟ್ಟಿರುತ್ತಿತ್ತು ಎಂದೂ ಅವನು ಹೇಳಿದ್ದುಂಟು. ದನಿ ಬೇಕು, ಮುಖ ಬೇಡ.

ಮುಖ ಕಂಡರೆ ಏನಾಗುತ್ತದೆ ಎಂಬುದು 1957ರ ಜುಲೈನಲ್ಲಿ ಬಯಲಾಯಿತು. ರಾಕ್ ಅಂಡ್ ರೋಲ್ ಎಂಬ ಹೆಸರನ್ನು ಮನೆಮಾತು ಮಾಡಿದ ರೇಡಿಯೋ ನಿರೂಪಕ ಅಲನ್ ಫ್ರೀಡ್ ಎಬಿಸಿ ದೂರದರ್ಶನದಲ್ಲಿ 'ದಿ ಬಿಗ್ ಬೀಟ್' ಎಂಬ ಕಾರ್ಯಕ್ರಮ ನಡೆಸುತ್ತಿದ್ದ. ಅಲ್ಲಿಗೆ ಬಂದ ಫ್ರಾಂಕಿ ಹಾಡು ಮುಗಿದ ಮೇಲೆ ಪ್ರೇಕ್ಷಕರ ಗುಂಪಿನಲ್ಲಿದ್ದ ಬಿಳಿ ಹುಡುಗಿಯೊಬ್ಬಳ ಜೊತೆ ಕುಣಿದ. ಅಷ್ಟೇ. ದಕ್ಷಿಣದ ಕೇಂದ್ರಗಳು ಬೆಂಕಿಯಾದವು, ಕೆಲವೇ ವಾರಗಳಲ್ಲಿ ಕಾರ್ಯಕ್ರಮ ನಿಂತಿತು. ಅದೇ ವರ್ಷ ಆಗಸ್ಟ್ 5ರಂದು ಅದೇ ಎಬಿಸಿ ಇನ್ನೊಂದು ಕಾರ್ಯಕ್ರಮವನ್ನು ಫಿಲಡೆಲ್ಫಿಯಾದಿಂದ ದೇಶಕ್ಕೆಲ್ಲ ತೋರಿಸತೊಡಗಿತು. 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್', ನಡೆಸುವವನು ಡಿಕ್ ಕ್ಲಾರ್ಕ್. ಹದಿನಾಲ್ಕರ ಹುಡುಗ ಕುಣಿದದ್ದಕ್ಕೆ ಒಂದು ಬಾಗಿಲು ಮುಚ್ಚಿ, ಆ ಗಾಳಿ ಆರುವ ಮೊದಲೇ ಇನ್ನೊಂದು ಬಾಗಿಲು ತೆರೆಯಿತು.

ಈ ಹೊಸ ಗುಡಿ ಇದ್ದ ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಕಪ್ಪು ಜನ ಬೇಕಾದಷ್ಟು ಮಂದಿ ವಾಸವಿದ್ದರು. ವೇದಿಕೆಯ ಮೇಲೆ ಕಪ್ಪು ಹಾಡುಗಾರರು ಬರುತ್ತಿದ್ದರು, ತಟ್ಟೆಗೆ ತುಟಿ ಆಡಿಸಿ ಹೋಗುತ್ತಿದ್ದರು. ಆದರೆ ದಿನಾ ಸಂಜೆ ಅಲ್ಲಿ ಕುಣಿಯುವ ಹುಡುಗ ಹುಡುಗಿಯರ ಸಾಲಿನಲ್ಲಿ ಕಪ್ಪು ಮಕ್ಕಳಿಗೆ ಜಾಗವಿರಲಿಲ್ಲ. ತಾನು ಬಣ್ಣದ ಬೇಲಿ ಮುರಿದೆ ಎಂದು ಕ್ಲಾರ್ಕ್ ಮುಂದೆ ಹೇಳಿಕೊಂಡ. ಮ್ಯಾಥ್ಯೂ ಡೆಲ್ಮಾಂಟ್ ಎಂಬ ಇತಿಹಾಸಕಾರರು 2012ರ ತಮ್ಮ ಪುಸ್ತಕದಲ್ಲಿ ದಾಖಲೆಗಳನ್ನೂ ಆಗಿನ ಹುಡುಗರ ನೆನಪುಗಳನ್ನೂ ಕೆದಕಿ, ಕಪ್ಪು ಹುಡುಗರನ್ನು ಬಾಗಿಲಲ್ಲೇ ಹೇಗೆ ತಡೆಯುತ್ತಿದ್ದರು ಎಂಬುದನ್ನು ತೋರಿಸಿದ್ದಾರೆ.

ಈ ಗುಡಿಗೆ ವಿಗ್ರಹಗಳು ಬೇಕಿದ್ದವು. ಅವು ಅದೇ ಊರಿನ ಇಟಲಿ ಮೂಲದ ಕೇರಿಗಳಲ್ಲಿ ಸಿಕ್ಕವು. ಫ್ರಾನ್ಸಿಸ್ ಅವಲೋನೆ ಹೋಗಿ ಫ್ರಾಂಕಿ ಅವಲಾನ್ ಆದ, ರಾಬರ್ಟ್ ರಿಡರೆಲ್ಲಿ ಹೋಗಿ ಬಾಬಿ ರೈಡೆಲ್ ಆದ. ಅತ್ತ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಮೂಲದ ರಿಚರ್ಡ್ ವಾಲೆನ್ಸ್ವೇಲಾನ ಹೆಸರಿನ ಬಾಲ ಕತ್ತರಿಸಿ ರಿಚೀ ವಾಲೆನ್ಸ್ ಮಾಡಿದರು. ಆ ಹುಡುಗ 1959ರ ಫೆಬ್ರವರಿ 3ರಂದು ವಿಮಾನ ಬಿದ್ದು ಸತ್ತಾಗ ಹದಿನೇಳು ವರ್ಷ. ಹೆಸರಿನಿಂದ ಊರುಕೇರಿ ತಿಳಿಯಬಾರದು ಅನ್ನುವುದು ಎಲ್ಲ ಕಡೆಯ ಕಾನೂನು.

ಫ್ಯಾಬಿಯನ್‌ನ ಕಥೆ ಇನ್ನೂ ವಿಚಿತ್ರ. 1957ರಲ್ಲಿ ಫಿಲಡೆಲ್ಫಿಯಾದ ಒಬ್ಬ ಪೊಲೀಸ್ ಪೇದೆಗೆ ಹೃದಯಾಘಾತವಾಗುತ್ತದೆ. ಮನೆ ಮೆಟ್ಟಿಲ ಮೇಲೆ ಅಳುಮೋರೆಯಲ್ಲಿ ಕೂತಿದ್ದ ಹದಿನಾಲ್ಕರ ಮಗನನ್ನು ದಾರಿಯಲ್ಲಿ ಹೋಗುತ್ತಿದ್ದ ಬಾಬ್ ಮಾರ್ಕುಚ್ಚಿ ಎಂಬ ರೆಕಾರ್ಡ್ ಕಂಪನಿಯವನು ನೋಡುತ್ತಾನೆ. ಮುಖ ಚೆನ್ನಾಗಿದೆ, ಹಾಡ್ತೀಯಾ, ಅಂತ ಕೇಳುತ್ತಾನೆ. ಹುಡುಗನಿಗೆ ಹಾಡಲು ಬರುತ್ತಿರಲಿಲ್ಲ. ಪರವಾಗಿಲ್ಲ ಅಂದರು. ಕೂದಲು, ಬಟ್ಟೆ, ನಡಿಗೆ ಎಲ್ಲ ಕಲಿಸಿ, ಪತ್ರಿಕೆಗಳಲ್ಲಿ ಜಾಹೀರಾತು ಸುರಿದು, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. 1959ರಲ್ಲಿ ಅವನ 'ಟೈಗರ್' ಮೂರನೇ ಸ್ಥಾನಕ್ಕೆ ಹೋಯಿತು. ಕೇಳಿ ನೋಡಿ. ಹುಲಿಯ ಹಾಡು, ಆದರೆ ಬೋನಿನಿಂದ ಹೊರಗೆ ಬಂದ ಹುಲಿಯಲ್ಲ. ದನಿ ಸ್ವರವನ್ನು ಹುಡುಕಿಕೊಂಡು ಹೋಗುತ್ತದೆ, ಸಿಗುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ಗರ್ಭಗುಡಿಯ ಮೂಲ ವಿಗ್ರಹವನ್ನು ಕದಲಿಸುವ ಹಾಗಿಲ್ಲವೆಂದು ಮೆರವಣಿಗೆಗೆ ಉತ್ಸವಮೂರ್ತಿ ಮಾಡಿಸುತ್ತಾರಲ್ಲ, ಹಾಗೆ. ಇಲ್ಲಿ ಮೂಲ ಹಾರ್ಲೆಮ್, ನ್ಯೂ ಓರ್ಲಿಯನ್ಸಿನ ಓಣಿಗಳಲ್ಲಿತ್ತು. ಪಲ್ಲಕ್ಕಿ ಮೇಲೆ ಕೂತದ್ದು ಫ್ಯಾಬಿಯನ್.

ಈ ಹುಡುಗನನ್ನು ಹೀಯಾಳಿಸುವುದು ಸುಲಭ, ಎಲ್ಲ ವಿಮರ್ಶಕರೂ ಮಾಡಿದ್ದಾರೆ. ನಮಗೆ ಮನಸ್ಸಾಗುವುದಿಲ್ಲ. ಅಪ್ಪ ಹಾಸಿಗೆ ಹಿಡಿದ ಮನೆಯ ಹಿರಿಮಗ ಬಂದ ಕೂಲಿಯನ್ನು ಬೇಡ ಅನ್ನುತ್ತಾನೆಯೆ? ಹತ್ತೊಂಬತ್ತು ಇಪ್ಪತ್ತಾಗುವ ಹೊತ್ತಿಗೆ ಅವನಿಗೂ ಉಸಿರು ಕಟ್ಟಿ, ತಾನೇ ದುಡ್ಡು ಕೊಟ್ಟು ಕರಾರಿನಿಂದ ಬಿಡಿಸಿಕೊಂಡ. ಜೀತ ಬಿಡಿಸಿಕೊಂಡಂತೆ. ಆದರೆ ಬಿಡಿಸಿಕೊಳ್ಳುವಷ್ಟು ದುಡ್ಡು ಅವನ ಕೈಯಲ್ಲಿತ್ತು. ವ್ಯತ್ಯಾಸ ಇರುವುದು ಅಲ್ಲಿ.

ಒಬ್ಬ ಕಪ್ಪು ಹುಡುಗ ಈ ಗುಡಿಯಲ್ಲಿ ನಿಂತ, ಚಬ್ಬಿ ಚೆಕರ್. ಕೋಳಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಇವಾನ್ಸ್ ಅವನು, ಆ ಹೆಸರು ಫ್ಯಾಟ್ಸ್ ಡಾಮಿನೊ ಎಂಬ ಹೆಸರಿನ ಅಣಕ. 1960ರ 'ದಿ ಟ್ವಿಸ್ಟ್' ಅವನದೂ ಅಲ್ಲ, ಹ್ಯಾಂಕ್ ಬಲ್ಲಾರ್ಡ್ ಎಂಬ ಕಪ್ಪು ಹಾಡುಗಾರ ಮೊದಲೇ ಬರೆದು ಹಾಡಿದ್ದು. ಬಲ್ಲಾರ್ಡನ ಹಾಡುಗಳಲ್ಲಿ ಹಾಸಿಗೆಯ ವಾಸನೆ ಇತ್ತು, ಚೆಕರ್ ನಗುಮುಖದ ಹುಡುಗ. ಜೊತೆಗಾರರು ಮೈ ಮುಟ್ಟದೆ ದೂರ ದೂರ ನಿಂತು ಕುಣಿಯುವ ಕುಣಿತ ಅದು. 1957ರಲ್ಲಿ ಆದದ್ದನ್ನು ನೆನೆದರೆ ಈ ದೂರದಲ್ಲೂ ಒಂದು ಲೆಕ್ಕಾಚಾರ ಕಾಣುತ್ತದೆ ಎಂದು ನಮ್ಮ ಅನುಮಾನ. ಅತಿಯಾಯಿತು ಎನ್ನುವವರು ಎನ್ನಲಿ.

ಇತ್ತ ಫ್ರಾಂಕಿಯನ್ನು 1957ರಲ್ಲಿ ತಂಡದಿಂದ ಬೇರೆ ಮಾಡಿದರು. ಆ ವರ್ಷ ಬಂದ 'ಗುಡಿ ಗುಡಿ' ತಟ್ಟೆಯ ಮೇಲೆ ತಂಡದ ಹೆಸರಿದೆ, ಒಳಗೆ ತಂಡವಿಲ್ಲ. ತುತ್ತೂರಿ, ಬ್ಯಾಂಡು, ದೊಡ್ಡ ಗದ್ದಲ. ಗಾರ್ನ್ಸನ ಆ ತಳದ ದನಿ ಇಲ್ಲದೆ ಹುಡುಗನ ದನಿ ನೆಲವಿಲ್ಲದೆ ತೇಲುತ್ತದೆ. ಅಷ್ಟರಲ್ಲಿ ಗಂಟಲೂ ಒಡೆಯಿತು. ಹದಿನೈದಕ್ಕೇ ಹೆರಾಯಿನ್ ಅಂಟಿತ್ತು, ಅಷ್ಟು ಚಿಕ್ಕಂದಿನಲ್ಲೇ ದುಡಿಮೆಗೆ ಬಿದ್ದ ತನಗೆ ಬಾಲ್ಯ ಅನ್ನುವುದೇ ಇರಲಿಲ್ಲ ಎಂದು 1967ರಲ್ಲಿ 'ಎಬೊನಿ' ಪತ್ರಿಕೆಗೆ ಅವನೇ ಹೇಳಿಕೊಂಡ, ಚಟ ಬಿಟ್ಟೆ ಅಂತಲೂ ಹೇಳಿದ. ವರ್ಷ ತುಂಬಿ ಸ್ವಲ್ಪ ದಿನಕ್ಕೆ ಸತ್ತ. ಅವನ ದನಿ ಸಾಯಲಿಲ್ಲ. ರಾನೆಟ್ಸ್ ತಂಡದ ರಾನೀ ಸ್ಪೆಕ್ಟರ್ ತಾನು ಹಾಡು ಕಲಿತದ್ದೇ ಫ್ರಾಂಕಿಯ ತಟ್ಟೆ ಕೇಳಿ ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಈಗ ದುಡ್ಡಿನ ಮಾತು. ಕವರ್ ಮಾಡುವುದೇ ಕಳ್ಳತನ ಎಂದು ಕೆಲವರು ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಡಾಮಿನೊ ತನ್ನ ಹಾಡನ್ನು ಡೇವ್ ಬಾರ್ಥಲೊಮ್ಯೂ ಜೊತೆ ಸೇರಿ ಬರೆದವನು, ತಟ್ಟೆಯ ಮೇಲೆ ಹೆಸರಿತ್ತು. ಹಾಗಾಗಿ ಬೂನ್ ಹಾಡಿದ್ದಕ್ಕೂ ಅವನಿಗೆ ರಾಯಧನ ಬಂತು. ನಿಜವಾದ ಕನ್ನ ಬೀಳುತ್ತಿದ್ದದ್ದು ತಟ್ಟೆಯ ನಡುವಿನ ದುಂಡು ಕಾಗದದ ಮೇಲೆ, ಹೆಸರಿನ ಕೆಳಗೆ ಆವರಣದಲ್ಲಿ ಸಣ್ಣ ಅಕ್ಷರದಲ್ಲಿ. ಹಾಡು ಬರೆದವರು ಯಾರು ಅನ್ನುವ ಜಾಗದಲ್ಲಿ. ಕಪ್ಪು ಜನರ ಗೆಳೆಯ ಎನಿಸಿಕೊಂಡ ಅಲನ್ ಫ್ರೀಡನ ಹೆಸರೂ ಚಕ್ ಬೆರಿ ಬರೆದ 'ಮೇಬೆಲೀನ್' ಹಾಡಿನ ಕೆಳಗೆ ಕೂತಿತ್ತು, ಅದನ್ನು ತೆಗೆಸಲು 1986 ಬರಬೇಕಾಯಿತು. ಹಾಡು ಬಿತ್ತರಿಸಲು ಲಂಚ ಪಡೆದ ಪ್ರಕರಣದಲ್ಲಿ ಫ್ರೀಡ್ 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ತೆತ್ತು, 1965ರಲ್ಲಿ ಬರಿಗೈಲಿ ಸತ್ತ. ಕ್ಲಾರ್ಕ್ ಸಂಗೀತದ ವ್ಯಾಪಾರದಲ್ಲಿದ್ದ ತನ್ನ ಪಾಲುಗಳನ್ನು ಮಾರಿ, 1960ರ ಕಾಂಗ್ರೆಸ್ ವಿಚಾರಣೆಯಿಂದ ನಗುತ್ತಾ ಎದ್ದು ಬಂದ.

ಫ್ರಾಂಕಿಯ ಹಾಡಿನ ಕೆಳಗೆ ಮೊದಲ ತಟ್ಟೆಗಳಲ್ಲಿ ಲೈಮನ್, ಸಾಂಟಿಯಾಗೊ, ಗೋಲ್ಡ್ನರ್ ಎಂದು ಮೂರು ಹೆಸರಿದ್ದವು. ಆಮೇಲೆ ಸಾಂಟಿಯಾಗೊ ಮಾಯವಾದ. ಗೋಲ್ಡ್ನರ್‌ಗೆ ಕುದುರೆ ಜೂಜಿನ ಚಟ, ಸಾಲಕ್ಕೆ ಕಂಪನಿಗಳನ್ನು ಮಾರಿಸ್ ಲೆವಿ ಎಂಬಾತನಿಗೆ ಬಿಟ್ಟುಕೊಟ್ಟ. ಆಗ ಗೋಲ್ಡ್ನರ್ ಹೆಸರು ಹೋಗಿ ಲೆವಿ ಹೆಸರು ಬಂತು. ಬಾಗಿಲ ಹೊರಗಿದ್ದವನು ಹಾಡು ಹುಟ್ಟಿ ವರ್ಷಗಳಾದ ಮೇಲೆ ಅದರ ತಂದೆಯಾದ. ಈ ಲೆವಿಗೆ 1988ರಲ್ಲಿ ಸುಲಿಗೆಯ ಸಂಚಿಗಾಗಿ ಶಿಕ್ಷೆಯಾಯಿತು, ಜೈಲಿಗೆ ಹೋಗುವ ಮೊದಲೇ 1990ರಲ್ಲಿ ಸತ್ತ.

1981ರಲ್ಲಿ ಡಯಾನಾ ರಾಸ್ ಆ ಹಾಡನ್ನು ಮತ್ತೆ ಹಾಡಿದರು, ಅದು ಏಳನೇ ಸ್ಥಾನಕ್ಕೆ ಏರಿತು, ದುಡ್ಡು ಹರಿಯಿತು. ಫ್ರಾಂಕಿಯ ಹೆಂಡತಿ ತಾನು ಎಂದು ಮೂವರು ಹೆಂಗಸರು ಕೋರ್ಟಿಗೆ ಹೋದರು. ಈ ಜಗಳವನ್ನೇ ಇಟ್ಟುಕೊಂಡು 1998ರಲ್ಲಿ ಒಂದು ಸಿನಿಮಾ ಬಂತು, ಮೂವರು ಹೆಂಡಿರ ಕೋಳಿಜಗಳ ನೋಡಿ ಜನ ನಕ್ಕರು. ಹಾಡು ಕಟ್ಟಿದ ಗೆಳೆಯರ ಮೊಕದ್ದಮೆ ಅಷ್ಟು ರಂಜನೀಯವಾಗಿರಲಿಲ್ಲ. ನೆಗ್ರೋನಿ, ಗಾರ್ನ್ಸ್ ಇಬ್ಬರೂ ಎಪ್ಪತ್ತರ ದಶಕದಲ್ಲೇ ತೀರಿಕೊಂಡಿದ್ದರು. ಉಳಿದವರು ಸಾಂಟಿಯಾಗೊ ಮತ್ತು ಮರ್ಚೆಂಟ್. ಫ್ರಾಂಕಿಯ ಜೊತೆ ಹಾಡನ್ನು ಬರೆದವರು ಇವರೇ ಎಂದು 1992ರಲ್ಲಿ ನ್ಯೂಯಾರ್ಕಿನ ಜ್ಯೂರಿ ಹೇಳಿತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅಂದರೆ, ಲೆವಿಯ ಬೆದರಿಕೆ ಇತ್ತು, ಜೀವಭಯ ಇತ್ತು ಎಂದರು ಅವರು. 1996ರಲ್ಲಿ ಮೇಲಿನ ಕೋರ್ಟು ತೀರ್ಪನ್ನು ತಿರುಗಿಸಿತು. ಹಾಡು ಇವರದಲ್ಲ ಅಂತ ಅದು ಹೇಳಲಿಲ್ಲ. ತಮ್ಮದು ಎಂದು ಕೇಳುವುದಕ್ಕೆ ಕಾನೂನಿನಲ್ಲಿ ಮೂರು ವರ್ಷದ ಗಡುವಿದೆ, ಅದು ಎಂದೋ ಮುಗಿದುಹೋಗಿದೆ ಅಂದಿತು.